ಟ್ರೆಕ್ಕಿಂಗ್ ಲೆಗ್ಗಿಂಗ್ಸ್ ಎಲ್ಲೆಲ್ಲಿ ಕೈಕೊಡುತ್ತದೆ: ಕ್ವಾಲಿಟಿ ಟೇಬಲ್ಲಿನಿಂದ

ಫೈನಲ್ ಇನ್‌ಸ್ಪೆಕ್ಷನ್‌ಗೆ ಬಂದ, ಮಾಲು ಕೊಳ್ಳುವ ಕಂಪನಿಯ ಕ್ವಾಲಿಟಿ ಪರೀಕ್ಷಕಿ (ಬೈಯರ್ ಕ್ಯೂಸಿ) ಮೇಡಂ ಅಳತೆ ಟೇಪನ್ನು ಮುಟ್ಟಲೇ ಇಲ್ಲ. ಕಾರ್ಟನ್ ಒಡೆಸಿ, ಎಂ ಸೈಜಿನ ಒಂದು ಪೀಸನ್ನು ಒಳಮೈ ಹೊರಗೆ ಮಾಡಿ, ಗಸೆಟ್ಟಿನ (ಎರಡು ಕಾಲು ಸೇರುವಲ್ಲಿ ಹಾಕುವ ತುಂಡು) ಎರಡೂ ಬದಿಗೆ ಹೆಬ್ಬೆರಳು ಇಟ್ಟು ಎಳೆದರು. ಟಪ್ ಅಂದಿತು. ಇನ್ನೊಂದು ಎಳೆದರು, ಅದೂ ಟಪ್. ಮೂರನೆಯದು ತಡೆಯಿತು. ನಾಲ್ಕನೆಯದು ಮತ್ತೆ ಹೋಯಿತು. ಪಾಲಿಬ್ಯಾಗ್ ಹಾಕುತ್ತಿದ್ದವರ ಕೈ ನಿಂತಿತು. ಕಂಟೇನರ್ ಲಾರಿ ಆಗಲೇ ಗೇಟಿನ ಒಳಗಿತ್ತು.

ಹೆಂಗಸರ ಟ್ರೆಕ್ಕಿಂಗ್ ಲೆಗ್ಗಿಂಗ್ಸ್ ಆರ್ಡರ್ ಅದು. ಫ್ಯಾಬ್ರಿಕ್ ಫೈಲಿನಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪಿರಲಿಲ್ಲ. ನೈಲಾನ್ ಶೇ. 78, ಹಿಗ್ಗುವ ಎಳೆಯಾದ ಸ್ಪ್ಯಾಂಡೆಕ್ಸ್ ಶೇ. 22, ಇಂಟರ್‌ಲಾಕ್ ಎಂಬ ಜೋಡಿ ಹೆಣಿಗೆ, 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ). ಬಟ್ಟೆಯ ಸವೆತ ಅಳೆಯುವ ಮಾರ್ಟಿಂಡೇಲ್ ಯಂತ್ರದಲ್ಲಿ 9 ಕಿಲೋಪ್ಯಾಸ್ಕಲ್ ಒತ್ತಡಕ್ಕೆ 30,000 ರಬ್ ಆದರೂ ಒಂದು ಎಳೆ ಕಡಿದಿಲ್ಲ. ಪಿಲ್ಲಿಂಗ್ (ಮೇಲ್ಮೈಯಲ್ಲಿ ಸಣ್ಣ ಉಂಡೆ ಏಳುವುದು) ಐದಕ್ಕೆ 4. ಹ್ಯಾಂಗ್‌ಟ್ಯಾಗ್ ಮೇಲೆ ‘ಬಾಳಿಕೆ’ ಅಂತ ಅಚ್ಚು ಹಾಕಿಸಿದ್ದೇ ಈ ಅಂಕಿಗಳ ಧೈರ್ಯದಲ್ಲಿ. ಹೊಲಿಗೆಯ ಬಗ್ಗೆ ಮಾತ್ರ ಆ ಫೈಲಿನಲ್ಲಿ ಒಂದು ಹಾಳೆಯೂ ಇರಲಿಲ್ಲ.

ಮೂರನೆಯ ಪೀಸ್ ತಡೆದದ್ದೇ ದಾರಿ ತೋರಿಸಿತು. ಎಲ್ಲವೂ ಹೋಗಿದ್ದರೆ ಸೆಟ್ಟಿಂಗ್ ತಪ್ಪು ಅನ್ನಬಹುದಿತ್ತು, ಕೆಲವು ಮಾತ್ರ ಹೋಗುತ್ತಿವೆ ಎಂದರೆ ಮಷೀನ್ ಅಥವಾ ಟ್ರಿಮ್ಸ್ (ನೂಲಿನಂಥ ಜೊತೆ ಸಾಮಾನು) ಬದಲಾಗಿರಬೇಕು. ಬಂಡಲ್ ನಂಬರ್ ಹಿಡಿದು ಪೀಸುಗಳನ್ನು ಬೇರೆ ಮಾಡಿದಾಗ ಒಡೆದದ್ದೆಲ್ಲ ಒಂದೇ ಫ್ಲಾಟ್‌ಲಾಕ್ ಮಷೀನಿನದು, ಅಂಚುಗಳನ್ನು ಉಬ್ಬಿಲ್ಲದೆ ಚಪ್ಪಟೆಯಾಗಿ ಜೋಡಿಸುವಂಥದು. ಹೊಲಿಗೆಯ ಅಡಿಯ ಕುಣಿಕೆ ಹಾಕುವ ಲೂಪರ್‌ಗೆ ಬೇಕಾದ ವೂಲಿ ನೂಲಿನ (ಹಿಗ್ಗುವ ಉಬ್ಬು ನೂಲು, ಉಣ್ಣೆಯಲ್ಲ) ಕೋನ್ ಖಾಲಿಯಾಗಿ, ಸ್ಟೋರ್‌ನವರು ಅದೇ ಶೇಡಿನ ಸ್ಪನ್ ಪಾಲಿಯೆಸ್ಟರ್ ಎಂಬ ಮಾಮೂಲಿ ಹೊಲಿಗೆ ದಾರ ಕೊಟ್ಟು ಕಳಿಸಿದ್ದರು. ಬಣ್ಣ ಒಂದೇ ಆದ್ದರಿಂದ ಚೆಕ್ಕಿಂಗ್ ಟೇಬಲ್ಲಿನಲ್ಲಿ ಕಣ್ಣಿಗೆ ಬೀಳಲಿಲ್ಲ. “ಶೇಡ್ ಮ್ಯಾಚ್ ಇದೆಯಲ್ಲ” ಎಂದರು ಪ್ರೊಡಕ್ಷನ್ ಮ್ಯಾನೇಜರ್. ಮಷೀನ್ ಮೇಲಿದ್ದ ಅಕ್ಕ ಕೂತಲ್ಲಿಂದಲೇ ಹೇಳಿದರು: “ಬಟ್ಟೆ ಹಿಗ್ಗತ್ತೆ ಸಾರ್, ಈ ನೂಲು ಹಿಗ್ಗಲ್ಲ. ಅವತ್ತೇ ಸೂಪರ್‌ವೈಸರ್‌ಗೆ ಹೇಳಿದ್ದೆ.” ಅವತ್ತು ಅವರಿಗೆ ಸಿಕ್ಕ ಉತ್ತರ, ಮೊದಲು ಟಾರ್ಗೆಟ್ ಮುಗಿಸಿ ಅಂತ.

ಈ ವ್ಯತ್ಯಾಸ ಕೈಗೆ ತಕ್ಷಣ ತಿಳಿಯುತ್ತದೆ. ಒಳಮೈ ಹೊಲಿಗೆಯಿಂದ ಒಂದು ತುಣುಕು ನೂಲು ಬಿಡಿಸಿ ತೆಗೆಯಿರಿ. ವೂಲಿ ಆದರೆ ಬಿಟ್ಟ ಕೂಡಲೇ ಅರಳಿ ಉಬ್ಬುತ್ತದೆ, ಎಳೆದರೆ ನೇರವಾಗಿ ಬಿಟ್ಟರೆ ಮತ್ತೆ ಸುರುಳಿಯಾಗುತ್ತದೆ. ಸ್ಪನ್ ಆದರೆ ಸಣ್ಣ ರೋಮಗಳಿರುವ ಬಿಗಿ ದಾರ. ಅದು ಶರ್ಟಿಗೆ, ಚೂಡಿದಾರ್ ಟಾಪಿಗೆ ಒಳ್ಳೆಯದು, ಇಲ್ಲಿಗಲ್ಲ. ಮಂಡಿ ಪೂರ್ತಿ ಮಡಚಿದಾಗ ಅಲ್ಲಿಯ ಚರ್ಮ ಉದ್ದಕ್ಕೆ ಶೇ. 35ರಿಂದ 45ರಷ್ಟು ಹಿಗ್ಗುತ್ತದೆ, ಕುಳಿತಾಗ ಹಿಂಭಾಗ ಅಡ್ಡಕ್ಕೆ ಶೇ. 25ರಿಂದ 30. ಮೈಗಂಟಿದ ಬಟ್ಟೆಯೂ ಅಷ್ಟೇ ಹಿಗ್ಗಬೇಕು, ಬಟ್ಟೆಯೊಳಗಿನ ಹೊಲಿಗೆಯೂ ಅಷ್ಟೇ. ಹಿಗ್ಗದ ದಾರ ಕಡಿಯುತ್ತದೆ. ಗಸೆಟ್ಟಿನ ತುದಿಯಲ್ಲಿ ಹೊಲಿಗೆಗಳು ಒಂದರ ಮೇಲೊಂದು ಹಾದು ದಪ್ಪ ಗಂಟಾಗುವುದರಿಂದ ಮೊದಲ ಟಪ್ ಯಾವಾಗಲೂ ಅಲ್ಲೇ.

ಬಿಚ್ಚಿ ಮತ್ತೆ ಹೊಲಿಯೋಣ ಎಂಬ ಸಲಹೆಯೂ ಬಂತು. ಈ ಮಷೀನಿನ 607 ನಂಬರಿನ ಫ್ಲಾಟ್‌ಲಾಕ್ ಹೊಲಿಗೆಯಲ್ಲಿ ಅದು ನಡೆಯುವುದಿಲ್ಲ. ಮಷೀನಿನ ಚಾಕು ಅಂಚನ್ನು ಕತ್ತರಿಸಿಕೊಂಡೇ ಜೋಡಿಸುತ್ತದೆ, ಒಳಗೆ ಮಾರ್ಜಿನ್ ಉಳಿದಿರುವುದಿಲ್ಲ. ಮತ್ತೆ ಹಾಕಿದರೆ ಗಸೆಟ್ ಕಿರಿದಾಗುತ್ತದೆ, ಹಳೆಯ ನಾಲ್ಕು ಸೂಜಿಯ ತೂತು ಸಾಲಾಗಿ ಉಳಿಯುತ್ತದೆ. ಆ ಮಷೀನಿನ ಬಂಡಲ್‌ಗಳು ರಿಜೆಕ್ಟ್ ಆದವು, ಲಾರಿ ಖಾಲಿ ಹೋಯಿತು. ಒಂದು ಕೋನ್ ನೂಲಿನ ಇಂಡೆಂಟ್ (ಬೇಡಿಕೆ ಚೀಟಿ) ಸಮಯಕ್ಕೆ ಸರಿಯಾಗಿ ಹಾಕದ ಸ್ಟೋರ್, ಅಕ್ಕನ ಮಾತು ಕೇಳದ ಲೈನ್, ಇವೆರಡರ ಬಗ್ಗೆ ಮೀಟಿಂಗಿನಲ್ಲಿ ಚರ್ಚೆಯಾದದ್ದು ಕಡಿಮೆ. ಕ್ವಾಲಿಟಿಯವರು ಇನ್‌ಲೈನ್‌ನಲ್ಲಿ, ಅಂದರೆ ಹೊಲಿಯುತ್ತಿರುವಾಗಲೇ, ಯಾಕೆ ಹಿಡಿಯಲಿಲ್ಲ ಎನ್ನುವುದೇ ಜಾಸ್ತಿ. ಕೋನ್ ಬದಲಾದರೆ ಮಷೀನ್ ನಿಲ್ಲಿಸುವ ಅಧಿಕಾರ ಆಪರೇಟರ್‌ಗೇ ಇರಬೇಕು. ಹೊಲಿಗೆ ಕೈಗೆ ಹೇಗೆ ಸಿಗುತ್ತಿದೆ ಅಂತ ಅವರಿಗಿಂತ ಮೊದಲು ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಮ್ಮ ತಪಾಸಣೆ ಶೀಟಿನಲ್ಲಿ ಹೊಸ ಕಾಲಂ ಇದೆ. ಹೊಲಿಗೆಯ ಮೇಲೆ 10 ಸೆಂ.ಮೀ ಗುರುತು ಹಾಕಿ 18 ಸೆಂ.ಮೀ ಆಗುವವರೆಗೆ ಎಳೆಯಬೇಕು, ಒಂದು ಸ್ಟಿಚ್ಚೂ ಕಡಿಯಬಾರದು. ಗಸೆಟ್ ತುದಿ, ಹಿಂಭಾಗದ ಮಧ್ಯ, ಒಳತೊಡೆ, ಮೂರೂ ಕಡೆ. ಸ್ಟಿಚ್ ಇಂಚಿಗೆ 12ರಿಂದ 14. ಅದಕ್ಕಿಂತ ಕಡಿಮೆಯಾದರೆ ಹೊಲಿಗೆಯೊಳಗೆ ಕೂರುವ ನೂಲಿನ ಉದ್ದವೇ ಸಾಲದು. ಸೂಜಿ 65 ಅಥವಾ 70 ನಂಬರಿನದು, ಬಾಲ್‌ಪಾಯಿಂಟ್ (ದುಂಡು ಮೊನೆ), ಶಿಫ್ಟಿಗೊಂದು. ಮೊನೆ ಸವೆದ ಸೂಜಿ ಸ್ಪ್ಯಾಂಡೆಕ್ಸ್ ಎಳೆಯನ್ನು ಸರಿಸದೆ ಕಡಿಯುತ್ತದೆ. ಕಡಿದ ತುದಿ ಒಳಗೆ ಎಳೆದುಕೊಳ್ಳುತ್ತದೆ, ನಾಲ್ಕಾರು ಒಗೆತ ಕಳೆದ ಮೇಲೆ ಹೊಲಿಗೆಯ ಪಕ್ಕದಲ್ಲಿ ಸಣ್ಣ ತೂತುಗಳ ಸಾಲು ಕಾಣಿಸುತ್ತದೆ. ಹಾಗಾಗಿ ಈ ಎಳೆತವನ್ನು ಹೊಸ ಪೀಸಿನ ಮೇಲೆ ಒಮ್ಮೆ, ಒಗೆದ ಪೀಸಿನ ಮೇಲೆ ಒಮ್ಮೆ ಮಾಡಲೇಬೇಕು.

ಇನ್ನು ಬಂಡೆಯ ವಿಷಯ. ವೇರ್ ಟ್ರಯಲ್‌ಗೆ, ಅಂದರೆ ಹಾಕಿಕೊಂಡು ನೋಡುವ ಪರೀಕ್ಷೆಗೆ, ಸಾವನದುರ್ಗದಂಥ ಜಾಗ ಇನ್ನೊಂದಿಲ್ಲ. ಬೆಟ್ಟವಿಡೀ ಒರಟು ಗ್ರಾನೈಟ್, ಇಳಿಯುವಾಗ ಕಡಿದಾದ ಕಡೆಗಳಲ್ಲಿ ಜನ ಕೂತು ಜಾರುತ್ತಾರೆ. ಅಲ್ಲಿಂದ ಬಂದ ಪೀಸನ್ನು ಬೆಳಕಿಗೆ ಹಿಡಿದರೆ ಕೂರುವ ಎರಡು ಮೂಳೆಗಳ ಜಾಗದಲ್ಲಿ ಅಂಗೈ ಅಗಲದ ಮಬ್ಬು ಮಚ್ಚೆಗಳು ಕಾಣುತ್ತವೆ. ಮುಟ್ಟಿದರೆ ಜುಂಗು ಜುಂಗು. ಸ್ವಲ್ಪ ಹಿಗ್ಗಿಸಿದರೆ ಕಪ್ಪು ನೈಲಾನಿನ ನಡುವೆ ಬಿಳಿ ಸ್ಪ್ಯಾಂಡೆಕ್ಸ್ ಎಳೆಗಳು ಮಿನುಗುತ್ತವೆ. 30,000 ರಬ್ ತಡೆದದ್ದೂ ಇದೇ ಬಟ್ಟೆ. ಲ್ಯಾಬಿನಲ್ಲಿ ಅದನ್ನು ಹಿಗ್ಗಿಸದೆ, ಸಮತಟ್ಟಾಗಿ, ಉಣ್ಣೆ ಬಟ್ಟೆಯ ಮೇಲೆ ಉಜ್ಜುತ್ತಾರೆ. ಮೈಮೇಲೆ ಅದು ಹಿಗ್ಗಿರುತ್ತದೆ. ಹೆಣಿಗೆಯ ಕುಣಿಕೆಗಳು ಬಿಚ್ಚಿಕೊಂಡು ಬಟ್ಟೆ ತೆಳುವಾಗುತ್ತದೆ, ಆ ತೆಳುಮೈಗೆ ಕಲ್ಲಿನ ಹರಳು ಸಿಗುತ್ತದೆ. ಮಾರ್ಟಿಂಡೇಲ್ ಬೇಡ ಅನ್ನುತ್ತಿಲ್ಲ, ಎರಡು ಬಟ್ಟೆ ಹೋಲಿಸಲು ಅದು ಬೇಕೇ ಬೇಕು. ಅದೊಂದೇ ಅಂಕಿ ನೋಡಿ ಬೆಟ್ಟಕ್ಕೆ ಹೊಂದುತ್ತದೆ ಎಂದು ಬರೆಯುವುದಕ್ಕೆ ನನ್ನ ಆಕ್ಷೇಪ.

ಇದಕ್ಕೆ, ಬೈಯರ್ ಜೊತೆ ಆರ್ಡರ್ ನೋಡಿಕೊಳ್ಳುವ ಮರ್ಚೆಂಡೈಸಿಂಗ್‌ನವರ ಪರಿಹಾರ, ಹಿಂಭಾಗ ಮತ್ತು ಮಂಡಿಗೆ ನೇಯ್ದ ನೈಲಾನ್ ಪ್ಯಾನೆಲ್. ಸರಿಯಾದ ಯೋಚನೆಯೇ. ಆದರೆ ನೇಯ್ದ ಪ್ಯಾನೆಲ್ ಕಡಿಮೆ ಹಿಗ್ಗುವುದರಿಂದ ಆ ಭಾಗದ ಹಿಗ್ಗನ್ನೂ ಪಕ್ಕದ ಹೆಣಿಗೆ ಬಟ್ಟೆಯೇ ಹೊರಬೇಕು. ಪ್ಯಾನೆಲ್ ಹಾಗೇ ಉಳಿಯುತ್ತದೆ, ಅದರ ಅಂಚಿನಿಂದ ಬೆರಳಗಲ ಆಚೆ ಹೆಣಿಗೆ ಸೋಲುತ್ತದೆ. ಅಂಚು ಮಂಡಿಚಿಪ್ಪಿನ ಮೇಲೆ ಬಂದರೆ ಇನ್ನೂ ಬೇಗ. ಪ್ಯಾನೆಲ್ ಮಂಡಿಚಿಪ್ಪಿನಿಂದ ಮೇಲಕ್ಕೂ ಕೆಳಕ್ಕೂ ಸಾಕಷ್ಟು ದೂರ ಹೋಗಬೇಕು, ನಾಲ್ಕೂ ಕಡೆ ಹಿಗ್ಗುವ ನೇಯ್ಗೆಯಾಗಿರಬೇಕು, ಮೂಲೆ ಚೂಪಾಗಿರದೆ ದುಂಡಗಿರಬೇಕು. ಹೊಲಿಯದೆ ಬರೀ ಬಾಂಡಿಂಗ್ ಫಿಲ್ಮಿನಲ್ಲಿ (ಅಂಟಿನ ಹಾಳೆ) ಅಂಟಿಸಿದ ಪ್ಯಾನೆಲ್ಲನ್ನು ನಾನು ಪಾಸ್ ಮಾಡುವುದಿಲ್ಲ. ಒಗೆದಂತೆ ಮೂಲೆಯಿಂದ ಏಳುತ್ತದೆ.

ಮುಳ್ಳಿನ ಕಥೆ ಬೇರೆ. ಕುಮಾರಪರ್ವತದ ಕೆಳಕಾಡಿನಲ್ಲಾಗಲಿ, ಬೆಂಗಳೂರು ಸುತ್ತಿನ ಗುಡ್ಡಗಳ ಲಂಟಾನದಲ್ಲಾಗಲಿ ಮುಳ್ಳು ಬಟ್ಟೆಯನ್ನು ಸವೆಸುವುದಿಲ್ಲ, ಎಳೆ ಕೀಳುತ್ತದೆ. ಪಾದದ ಗಂಟಿನಿಂದ ಮೀನಖಂಡದವರೆಗೆ ಇದರ ಹೊಡೆತ. ಅಂಗಡಿಯಲ್ಲಿ ಕೈಗೆ ಬೆಣ್ಣೆಯಂತೆ ಸಿಗುವ, ಉಜ್ಜಿ ರೋಮ ಎಬ್ಬಿಸಿದ ಬ್ರಷ್ಡ್ ಬಟ್ಟೆ ಇಲ್ಲಿ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ಮೇಲೆದ್ದ ಸಣ್ಣ ರೋಮಗಳೇ ಮುಳ್ಳಿಗೆ ಹಿಡಿಕೆ. ಮೇಲ್ಮೈ ನುಣುಪಾದ, ಬಿಗಿ ಇಂಟರ್‌ಲಾಕ್ ಅಥವಾ ವಾರ್ಪ್ ನಿಟ್ (ಉದ್ದೆಳೆಗಳ ಹೆಣಿಗೆ) ಕೇಳಿ. ಟೀ ಶರ್ಟಿನ ಒಂಟಿ ಹೆಣಿಗೆಯಾದ ಸಿಂಗಲ್ ಜೆರ್ಸಿಯಲ್ಲಿ ಒಂದು ಕುಣಿಕೆ ಕಡಿದರೆ ಗೆರೆಯಾಗಿ ಓಡುತ್ತದೆ.

ಸೊಂಟಪಟ್ಟಿಯಲ್ಲಿ ಲಾಡಿಯ ಗಂಟು, ದಪ್ಪ ಜೋಡಣೆ ಇದ್ದರೆ ಬ್ಯಾಗಿನ ಹಿಪ್‌ಬೆಲ್ಟ್ ಅದನ್ನು ಚರ್ಮಕ್ಕೆ ಒತ್ತಿ ಕೆಂಪು ಮಾಡುತ್ತದೆ. ತೊಡೆಯ ಜೇಬಿಗೆ 200 ಗ್ರಾಂ ಫೋನ್ ಹಾಕಿ ಹತ್ತಿದರೆ ಜೇಬಿನ ಬಾಯಿಯ ಬಾರ್‌ಟ್ಯಾಕ್ (ತುದಿ ಬಿಗಿಸುವ ಒತ್ತು ಹೊಲಿಗೆ) ಬಟ್ಟೆಯನ್ನೇ ಕಿತ್ತುಕೊಂಡು ಬರುತ್ತದೆ, ಅದರಡಿ ಟೇಪ್ ಇಲ್ಲದಿದ್ದರೆ. ಒಳಮೈ ತಿರುವಿ ನೋಡಿದರೆ ಟೇಪ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮಳೆಗಾಲಕ್ಕೆ ಹತ್ತಿ ಬೆರೆತ ಲೆಗ್ಗಿಂಗ್ಸ್ ಬೇಡವೇ ಬೇಡ, ಒದ್ದೆಯಾಗಿ ಒಳತೊಡೆ ಉಜ್ಜುತ್ತದೆ. 300 ಜಿಎಸ್‌ಎಂ ದಾಟಿದ್ದು ಗಟ್ಟಿ ನಿಜ, ಆದರೆ ಒಣಗಲು ತಡ. 230ರಿಂದ 270 ನಮ್ಮ ಮಲೆನಾಡಿಗೆ ಹದ.

ಉಂಬಳಕ್ಕೆ, ಸೊಳ್ಳೆಗೆ ಅಂತ ಡೀಟ್ ಎಂಬ ಕೀಟ ಓಡಿಸುವ ರಾಸಾಯನಿಕ ಇರುವ ಸ್ಪ್ರೇಯನ್ನು ಲೆಗ್ಗಿಂಗ್ಸ್ ಮೇಲೆ ಸುರಿಯಬೇಡಿ. ಅದು ನೈಲಾನಿಗೆ ಏನೂ ಮಾಡದು, ಸ್ಪ್ಯಾಂಡೆಕ್ಸನ್ನು ಹಾಳು ಮಾಡುತ್ತದೆ. ಬ್ಲೀಚ್ ಮತ್ತು ಬಿಸಿ ಇಸ್ತ್ರಿಯೂ ಸ್ಪ್ಯಾಂಡೆಕ್ಸಿಗೆ ಆಗದು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಬೆವರು ಹೀರುವ ಗುಣ ಕುಗ್ಗುತ್ತದೆ. ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಹಾಕಿ.

ಸೈಜ್ ಆರಿಸುವಾಗ ಹಾಕಿಕೊಂಡು ಪೂರ್ತಿ ಕುಕ್ಕರಗಾಲಲ್ಲಿ ಕೂತು, ಹಿಂಭಾಗವನ್ನು ಬೆಳಕಿನಲ್ಲಿ ಯಾರಿಗಾದರೂ ತೋರಿಸಿ. ಬಣ್ಣ ಬಿಳಿಚಿದರೆ ಬಟ್ಟೆ ಆಗಲೇ ತನ್ನ ಮಿತಿಗೆ ಬಂದಿದೆ, ಒಂದು ಸೈಜ್ ಮೇಲಕ್ಕೆ ಹೋಗಿ. ಬೆಟ್ಟದಲ್ಲಿ ಎಳೆಯೊಂದು ಕಿತ್ತು ಹೊರಬಂದರೆ ಕತ್ತರಿ ಹಾಕಬೇಡಿ, ಸೂಜಿಯಲ್ಲಿ ಒಳಮೈಗೆ ಎಳೆದುಕೊಂಡು ಬಟ್ಟೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಹಿಗ್ಗಿಸಿ ಕೂರಿಸಿ. ಗಸೆಟ್ ಬಿಟ್ಟಿದ್ದರೆ ಟೈಲರ್ ಹತ್ತಿರ ನೇರ ಹೊಲಿಗೆ ಹಾಕಿಸಬೇಡಿ, ಮುಂದಿನ ಏರಿನಲ್ಲೇ ಮತ್ತೆ ಬಿಡುತ್ತದೆ. ಕಿರಿದಾದ ಜಿಗ್‌ಜಾಗ್, ಕೆಳಗಿನ ಬಾಬಿನ್‌ನಲ್ಲಿ ವೂಲಿ ನೂಲು, ಬಾಲ್‌ಪಾಯಿಂಟ್ ಸೂಜಿ. ಇಷ್ಟು ಕೇಳಿ ಮಾಡಿಸಿ.