ಹಿಮ ಬಿಟ್ಟುಹೋದ ಗುಡ್ಡ, ಬೂದಿ ಹೊದ್ದ ಕಾಡು: ಉತ್ತರ ಐಡಹೋದಲ್ಲಿ ಮಣ್ಣು ನೋಡುತ್ತಾ

ಅಮೆರಿಕದ ಐಡಹೋ ರಾಜ್ಯದ ಉತ್ತರ ತುದಿಗೆ ಜನ ಹೋಗುವುದು ಸರೋವರ, ದೋಣಿ, ಮೀನು, ಚಳಿಗಾಲದ ಹಿಮದ ಆಟಕ್ಕೆ. ನಾನು ಹೋಗಿದ್ದು ಮಣ್ಣು ನೋಡೋಕೆ. ಅಲ್ಲಿನ ಸೆಲ್ಕರ್ಕ್ ಬೆಟ್ಟಗಳ ಇಳಿಜಾರಿನಲ್ಲಿ ಒಂದರ ಮೇಲೊಂದು ಎರಡು ಪದರ ಇವೆ. ಕೆಳಗಿನದು ಹಿಮನದಿ ಬಿಟ್ಟುಹೋದದ್ದು, ಮೇಲಿನದು ಜ್ವಾಲಾಮುಖಿಯ ಬೂದಿ. ಎರಡಕ್ಕೂ ಹುಟ್ಟಿನಲ್ಲಿ ಏನೇನೂ ಸಂಬಂಧ ಇಲ್ಲ. ಆದರೆ ಅಲ್ಲಿನ ಇಡೀ ಕಾಡು ನಿಂತಿರುವುದು ಈ ಎರಡರ ಜೋಡಿಯ ಮೇಲೆ. ಮಣ್ಣಿನ ಕೆಲಸವನ್ನೇ ಮಾಡುವ ಗೆಳೆಯನೊಬ್ಬ ಆ ಕಡೆ ಇದ್ದಾನೆ, ವರ್ಷಗಳಿಂದ ಕರೆಯುತ್ತಿದ್ದ. ಕೊನೆಗೂ ಹೊರಟೆ.

ಸಿಯಾಟಲ್‌ನಿಂದ ಐ-90 ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಬೆಟ್ಟ ದಾಟಿದ ಮೇಲೆ ಬರೀ ಒಣ ಬಯಲು. ಆ ಬಯಲಲ್ಲಿ ರಿಟ್ಜ್‌ವಿಲ್ ಅಂತ ಒಂದು ಸಣ್ಣ ಊರು. 1980ರ ಮೇ 18ರಂದು ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಈ ಊರಿನಲ್ಲಿ ಹಗಲಲ್ಲೇ ಕತ್ತಲಾಗಿ, ಬೀದಿಯಲ್ಲೆಲ್ಲ ಬೂದಿ ಬಿದ್ದಿತ್ತು. ಬೆಟ್ಟ ಇರುವುದು ಎಷ್ಟೋ ದೂರದಲ್ಲಿ, ಆದರೂ ಗಾಳಿ ಇಲ್ಲಿಯವರೆಗೆ ಹೊತ್ತು ತಂದಿತ್ತು. ನಾನು ಅಲ್ಲಿ ಸುಮ್ನೆ ಸ್ವಲ್ಪ ಹೊತ್ತು ನಿಂತೆ. ನಾನು ನೋಡಬೇಕಿದ್ದ ಬೂದಿ ಮಾತ್ರ ಇದಲ್ಲ, ಇದಕ್ಕಿಂತ ತುಂಬಾ ಹಳೆಯದು.

ಆ ಹಳೆಯ ಬೂದಿ ಬಂದದ್ದು ಒರೆಗಾನ್ ರಾಜ್ಯದ ಮಝಾಮಾ ಪರ್ವತದಿಂದ. ಸುಮಾರು 7,700 ವರ್ಷಗಳ ಹಿಂದೆ ಅದು ಸಿಡಿದು, ಹೊಟ್ಟೆ ಖಾಲಿಯಾಗಿ, ಶಿಖರವೇ ಒಳಗೆ ಕುಸಿಯಿತು. ಕುಸಿದ ಗುಂಡಿಯಲ್ಲಿ ನೀರು ತುಂಬಿ ಆಗಿದ್ದೇ ಇವತ್ತಿನ ಕ್ರೇಟರ್ ಲೇಕ್. 594 ಮೀಟರ್ ಆಳ, ಅಮೆರಿಕದಲ್ಲೇ ಅತಿ ಆಳದ ಸರೋವರ. ಹೊರಬಂದ ಶಿಲಾರಸ ಸುಮಾರು 50 ಘನ ಕಿಲೋಮೀಟರ್. 1980ರದ್ದು ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಆ ಬೂದಿ ಕೆನಡಾದವರೆಗೂ ಹೋಗಿ ಬಿದ್ದಿದೆ. ದೂರದ ಗ್ರೀನ್‌ಲ್ಯಾಂಡಿನ ಮಂಜಿನ ಪದರಗಳಲ್ಲೂ ಅದರ ಕಣ ಸಿಕ್ಕಿದೆ. ಆ ನೆಲದ ಮೂಲನಿವಾಸಿ ಕ್ಲಾಮತ್ ಜನರಲ್ಲಿ ಲಾವೋ, ಸ್ಕೆಲ್ ಎಂಬ ಇಬ್ಬರು ದೈವಗಳ ಕಾಳಗದ ಕಥೆ ಇದೆ, ಬೆಟ್ಟ ಕುಸಿದದ್ದು ಅದರೊಳಗೆ ಬರುತ್ತದೆ. ಅಷ್ಟು ಸಾವಿರ ವರ್ಷ ಬಾಯಿಂದ ಬಾಯಿಗೆ ಉಳಿದು ಬಂದಿದೆ ಅಂದರೆ ಅದನ್ನು ಕಣ್ಣಾರೆ ಕಂಡವರು ಎಷ್ಟು ನಡುಗಿರಬೇಕು, ಅಲ್ವಾ?

ಸ್ಪೋಕೇನ್‌ನಲ್ಲಿ ಗೆಳೆಯ ಜೊತೆಯಾದ. ಅಲ್ಲಿಂದ ನ್ಯೂಪೋರ್ಟ್, ಆಮೇಲೆ ಪ್ರೀಸ್ಟ್ ರಿವರ್ ಊರು, ಆಮೇಲೆ ಉತ್ತರಕ್ಕೆ 57ನೇ ಹೆದ್ದಾರಿ. ಊರು ದಾಟುತ್ತಿದ್ದಂತೆ ಕಾಡು ಎರಡೂ ಕಡೆಯಿಂದ ರಸ್ತೆಗೆ ಒತ್ತಿಕೊಂಡು ಬರುತ್ತದೆ. ಹೆದ್ದಾರಿ ಬಿಟ್ಟು ಮರ ಸಾಗಿಸುವ ಹಳೆಯ ಮಣ್ಣು ರಸ್ತೆಗೆ ತಿರುಗಿ, ಗುಡ್ಡ ಕಡಿದು ರಸ್ತೆ ಮಾಡಿದ್ದ ಒಂದು ಧರೆಯ ಮುಂದೆ ಗಾಡಿ ನಿಲ್ಲಿಸಿದ. ಹೊಸದಾಗಿ ಗುಂಡಿ ತೋಡೋ ಕೆಲಸ ಬೇಡ, ನೋಡಬೇಕಾದ್ದೆಲ್ಲ ಧರೆಯಲ್ಲೇ ಇದೆ ಅಂದ.

ನಿಜ, ಎಲ್ಲ ಅಲ್ಲೇ ಇತ್ತು. ಮೇಲೆ ಎರಡು ಬೆರಳಿನಷ್ಟು ಕಪ್ಪು ಕೊಳೆತ ಸೂಜಿ ಎಲೆ. ಅದರ ಕೆಳಗೆ ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ದಪ್ಪಕ್ಕೆ ಕಂದು ಹಳದಿ ಮಣ್ಣು, ಹೆಚ್ಚುಕಮ್ಮಿ ಕಲ್ಲೇ ಇಲ್ಲ, ತುಂಬಾ ಬೇರು. ಇದೇ ಆ ಮಝಾಮಾದ ಬೂದಿ. ಆಮೇಲೆ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿ ಬೂದು ಬಣ್ಣದ ಗಟ್ಟಿ ನೆಲ. ಅದರಲ್ಲಿ ಮರಳು, ಜೇಡಿ, ಜಲ್ಲಿ, ತಲೆಗಾತ್ರದ ಕಲ್ಲು ಎಲ್ಲ ಕಲಸಿಹೋಗಿದೆ. ಇದೇ ಗ್ಲೇಶಿಯಲ್ ಟಿಲ್. ನದಿಯಾದರೆ ಮರಳನ್ನು ಒಂದು ಕಡೆ, ಕಲ್ಲನ್ನು ಒಂದು ಕಡೆ ಬೇರೆ ಮಾಡಿ ಹಾಕುತ್ತದೆ. ಹಿಮಕ್ಕೆ ಆ ವಿಂಗಡಣೆ ಇಲ್ಲ, ಅರೆದದ್ದನ್ನೆಲ್ಲ ಒಟ್ಟಿಗೇ ಬಿಟ್ಟುಹೋಗುತ್ತದೆ. ಸುಮಾರು 15 ಸಾವಿರ ವರ್ಷಗಳ ಹಿಂದಿನವರೆಗೆ ಈ ಕಣಿವೆಗಳಲ್ಲಿ ನೂರಾರು ಮೀಟರ್ ದಪ್ಪದ ಹಿಮ ಕೂತಿತ್ತು. ಅದರ ಭಾರಕ್ಕೆ ಅಡಿಯ ಟಿಲ್ ಒತ್ತಿ ಒತ್ತಿ ಗಟ್ಟಿಯಾಗಿದೆ. ಗೆಳೆಯನ ಸಣ್ಣ ಪಿಕಾಸಿಯಿಂದ ಕುಟ್ಟಿ ನೋಡಿದೆ, ಕೈಗೆ ಜುಮ್ ಅಂತು. ಬಿಡಿಸಿಕೊಂಡ ಒಂದು ಕಲ್ಲಿನ ಮುಖ ಚಪ್ಪಟೆಯಾಗಿ ಸವೆದಿತ್ತು, ಅದರ ಮೇಲೆ ಒಂದೇ ದಿಕ್ಕಿಗೆ ಸಣ್ಣ ಗೀರುಗಳು. ಹಿಮದಡಿಯಲ್ಲಿ ಸಿಕ್ಕಿ ಬಂಡೆಗೆ ಉಜ್ಜಿದ ಗುರುತು ಅದು.

“ಈಗ ಮೇಲಿಂದು ಹಿಡ್ಕೊಂಡು ನೋಡು” ಅಂದ. ಒಣಗಿದ ಭಾಗ ಸೋಸಿದ ಹಿಟ್ಟಿನಷ್ಟು ನುಣುಪು, ತೂಕವೇ ಇಲ್ಲ. ಈ ಮಣ್ಣಿನ ಒಂದು ಘನ ಸೆಂಟಿಮೀಟರ್ ಸಾಮಾನ್ಯವಾಗಿ 0.9 ಗ್ರಾಂಗಿಂತ ಕಡಿಮೆ ತೂಗುತ್ತದೆ, ಅಂದರೆ ಅಷ್ಟೇ ನೀರಿಗಿಂತ ಹಗುರ. ಕೆಳಗಿನ ಟಿಲ್ ಅದರ ಎರಡು ಪಟ್ಟು ತೂಗಬಹುದು. ತೇವದ ಉಂಡೆಯೊಂದನ್ನು ಹೆಬ್ಬೆರಳಿನಲ್ಲಿ ಜೋರಾಗಿ ಒತ್ತಿದೆ. ಅಲ್ಲಿಯವರೆಗೆ ಒಣಗಿದಂತೆ ಕಂಡದ್ದು ತಟಕ್ಕನೆ ಜಾರಿ, ಬೆರಳಿನ ಸುತ್ತ ನೀರು ಬಿಟ್ಟಿತು. ಬಿಟ್ಟ ಮೇಲೆ ಮತ್ತೆ ಗಟ್ಟಿ. ಬೂದಿ ಅಂದರೆ ಒಲೆಯ ಬೂದಿ ಅಲ್ಲ, ಗಾಜಿನ ಪುಡಿ. ಸಾವಿರಾರು ವರ್ಷ ನೀರು ತಾಗಿ ಆ ಗಾಜು ಕರಗಿ ಅಲೋಫೇನ್ ಎಂಬ ಖನಿಜ ಆಗುತ್ತದೆ, ಅತಿ ಸಣ್ಣ ಟೊಳ್ಳು ಗುಂಡುಗಳು. ಒಳಗೂ ಹೊರಗೂ ನೀರು ಹಿಡಿಯೋಕೆ ಜಾಗ. ಗಾಜು ಪೂರ್ತಿ ಹೋಗಿಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಲ್ಲಿ ಚೂರು ಹೊಳೆಯುತ್ತದೆ.

ಬೂದಿ ಮಣ್ಣು ಹೌದೋ ಅಲ್ಲವೋ ಅಂತ ಗುಡ್ಡದ ಮೇಲೇ ತಿಳಿಯೋಕೆ ಒಂದು ಪರೀಕ್ಷೆ ಇದೆ. ಕ್ಷಾರ ತಾಗಿದರೆ ಕೆಂಪಾಗುವ ಫಿನಾಲ್ಫ್ಥಲೀನ್ ಹಚ್ಚಿದ ಕಾಗದದ ಮೇಲೆ ಚಿಟಿಕೆ ಮಣ್ಣು ಇಟ್ಟು ಸೋಡಿಯಂ ಫ್ಲೋರೈಡ್ ದ್ರಾವಣದ ಹನಿ ಬಿಡುವುದು. ಮಣ್ಣಿನಲ್ಲಿರುವ ಅಲ್ಯೂಮಿನಿಯಂಗೆ ಫ್ಲೋರೈಡ್ ಅಂಟಿ ಕ್ಷಾರ ಹೊರಬರುತ್ತದೆ, ಕಾಗದ ಕೆಂಪಾಗುತ್ತದೆ. ಗೆಳೆಯ ಎರಡು ಕಾಗದ ಪಕ್ಕಪಕ್ಕ ಇಟ್ಟ. ಮೇಲಿನ ಪದರದ್ದು ನೋಡನೋಡುತ್ತಲೇ ಗುಲಾಬಿಯಾಗಿ, ಆಮೇಲೆ ಕಡು ಕೆಂಪಾಯಿತು. ಟಿಲ್‌ನದ್ದು ಹಾಗೇ ಬಿಳಿ. ಒಂದು ಮೊಳದ ಅಂತರ ಅಷ್ಟೇ! ಇದೇ ಅಲ್ಯೂಮಿನಿಯಂ ರಂಜಕವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಗಿಡಕ್ಕೆ ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಇದು ಎಲ್ಲದರಲ್ಲೂ ಶ್ರೀಮಂತ ಮಣ್ಣು ಅಂತ ಹೇಳೋಕಾಗಲ್ಲ. ಇದರ ಸಿರಿ ನೀರು.

ಆ ನೀರಿನ ಬೆಲೆ ತಿಳಿಯಬೇಕಾದರೆ ಅಲ್ಲಿನ ಬೇಸಿಗೆ ನೋಡಬೇಕು. ಮಳೆ, ಹಿಮ ಎಲ್ಲ ಚಳಿಗಾಲದ ಸುತ್ತಮುತ್ತ. ಜುಲೈ, ಆಗಸ್ಟ್‌ನಲ್ಲಿ ಮಳೆ ಬಲು ಕಡಿಮೆ. ಮರಗಳು ಆ ತಿಂಗಳುಗಳನ್ನು ಕಳೆಯುವುದು ಬೂದಿ ಹಿಡಿದಿಟ್ಟ ನೀರಿನಲ್ಲಿ. ವಸಂತದಲ್ಲಿ ಕಥೆ ಬೇರೆ. ಹಿಮ ಕರಗಿದ ನೀರು ಬೂದಿಯಲ್ಲಿ ಸಲೀಸಾಗಿ ಇಳಿದು ಟಿಲ್ ಮುಟ್ಟಿದ ಕೂಡಲೇ ನಿಲ್ಲುತ್ತದೆ. ಕೆಳಗೆ ದಾರಿ ಇಲ್ಲ, ಇಳಿಜಾರು ಇದೆ. ಹಾಗಾಗಿ ಎರಡು ಪದರದ ನಡುವೆ ಅಡ್ಡಲಾಗಿ ಹರಿಯುತ್ತದೆ. ನಾವು ನೋಡಿದ ಇನ್ನೊಂದು ಧರೆಯಲ್ಲಿ, ಬೇಸಿಗೆಯಲ್ಲೂ, ಸರಿಯಾಗಿ ಆ ಗೆರೆಯಲ್ಲೇ ನೀರು ಒಸರುತ್ತಿತ್ತು. ಗೆರೆಯ ಉದ್ದಕ್ಕೂ ಪಾಚಿ, ಜರಿಗಿಡ. ಅಲ್ಲೇ ಪಕ್ಕದಲ್ಲಿ ಧರೆ ಕುಸಿದಿತ್ತು. ಮೇಲಿನ ಪದರ ಮರದ ಸಮೇತ ಜಾರಿ ರಸ್ತೆಯ ಚರಂಡಿಗೆ ಬಂದು ಕೂತಿದೆ, ಕೆಳಗೆ ಟಿಲ್ ಬೋಳಾಗಿ ಕಾಣುತ್ತಿದೆ. ಬಿದ್ದ ಮರದ ಬೇರು ತಟ್ಟೆಯಂತೆ ಚಪ್ಪಟೆ, ಟಿಲ್ ಒಳಗೆ ಹೊಕ್ಕೇ ಇರಲಿಲ್ಲ. ಇಂಥ ಗುಡ್ಡದ ಬುಡ ಕಡಿದು ರಸ್ತೆ ಮಾಡಿದರೆ ಒಳಗೆ ಹರಿಯುತ್ತಿದ್ದ ನೀರು ಹೊರಗೆ ಬಂದೇ ಬರುತ್ತದೆ.

ಎಲ್ಲ ಇಳಿಜಾರಿನಲ್ಲೂ ಬೂದಿ ಇಷ್ಟೇ ದಪ್ಪ ಇರಲ್ಲ. ಉತ್ತರಕ್ಕೆ ಮುಖ ಮಾಡಿದ ಕಡೆ ತಂಪು, ಕಾಡು ದಟ್ಟ, ಬಿದ್ದ ಬೂದಿ ಬಿದ್ದಲ್ಲೇ ಉಳಿದಿದೆ. ದಕ್ಷಿಣದ ಬಿಸಿಲ ಕಡೆ ಕಾಳ್ಗಿಚ್ಚು ಜಾಸ್ತಿ, ಸುಟ್ಟ ನೆಲದಿಂದ ಜ್ವಾಲಾಮುಖಿಯ ಬೂದಿ ತೊಳೆದುಹೋಗಿದೆ. ಒಂದೇ ಗುಡ್ಡದ ಈ ಬದಿಯಲ್ಲಿ ತೇವ ಬೇಡುವ ಸೀಡರ್, ಹೆಮ್ಲಾಕ್ ಮರಗಳು. ದಿಣ್ಣೆ ದಾಟಿ ಆ ಬದಿಗೆ ಹೋದರೆ ಬಿಡಿ ಬಿಡಿಯಾಗಿ ಪೈನ್, ಡಗ್ಲಸ್ ಫರ್, ನಡುವೆ ಹುಲ್ಲು. ಬಿಸಿಲಿನ ಪಾತ್ರ ಇದೆ, ಸರಿ. ಆದರೆ ಕಾಲ ಕೆಳಗಿನ ಮಣ್ಣು ಬದಲಾದದ್ದು ನನಗೆ ನಡೆಯುವಾಗಲೇ ಗೊತ್ತಾಯಿತು, ಮೆತ್ತಗಿದ್ದ ನೆಲ ಇದ್ದಕ್ಕಿದ್ದಂತೆ ಕಲ್ಲು ಕಲ್ಲು.

ನಾರ್ಡ್‌ಮನ್ ದಾಟಿ ಮುಂದೆ ಹೋದರೆ ರಸ್ತೆ ವಾಷಿಂಗ್ಟನ್ ರಾಜ್ಯಕ್ಕೆ ಸೇರುತ್ತದೆ. ಅಲ್ಲೇ ರೂಸ್‌ವೆಲ್ಟ್ ಗ್ರೋವ್, ಪುರಾತನ ಸೀಡರ್ ಮರಗಳ ತೋಪು. 1926ರ ಬೆಂಕಿಯಲ್ಲಿ ತುಂಬಾ ಭಾಗ ಹೋಯಿತು, ಉಳಿದದ್ದರಲ್ಲಿ ನೂರಾರು ವರ್ಷದ ಮರಗಳಿವೆ. ನಾನು ಒಂದರ ಬುಡದಲ್ಲಿ ಕೂತು ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದೆ.

ಬೇಜಾರಾದದ್ದು ವಾಪಸ್ ಬರುವಾಗ. ಮರ ಎಳೆದ ಹಳೆಯ ಜಾಗವೊಂದರಲ್ಲಿ ಯಂತ್ರದ ಚಕ್ರದ ಜಾಡು ಹಾಗೇ ಇತ್ತು, ಅದರೊಳಗೆ ಬೆಳೆದ ಗಿಡ ಪಕ್ಕದವುಗಳಿಗಿಂತ ಕುಳ್ಳು. ಇಷ್ಟು ಹಗುರವಾದ ಮಣ್ಣು ತೇವ ಇರುವಾಗ ಭಾರ ಬಿದ್ದರೆ ಒತ್ತಿಹೋಗುತ್ತದೆ, ಮತ್ತೆ ಸಡಿಲವಾಗೋಕೆ ದಶಕಗಳು ಬೇಕು. ಕೊಚ್ಚಿಹೋದರಂತೂ ಮುಗಿಯಿತು. ಟಿಲ್‌ನಿಂದ ಈ ಮಣ್ಣು ಹುಟ್ಟುವುದಿಲ್ಲ, ಅದು ಆಕಾಶದಿಂದ ಬಿದ್ದದ್ದು. ನೆಲ ಒಣಗಿದಾಗ ಅಥವಾ ಹಿಮ ಗಟ್ಟಿಯಾಗಿ ಕೂತಾಗ ಮಾತ್ರ ಯಂತ್ರ ಇಳಿಸಿ, ಗೊತ್ತುಮಾಡಿದ ದಾರಿಯಲ್ಲೇ ಓಡಿಸಿ ಅಂತ ಮಣ್ಣು ತಿಳಿದವರು ಹೇಳುತ್ತಾರೆ. ಅದು ಎಲ್ಲ ಕಡೆ ನಡೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೋಗುವವರಿಗೆ: ಎತ್ತರದ ರಸ್ತೆಗಳಲ್ಲಿ ಹಿಮ ಕರಗೋದು ತಡ, ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಸಮಯ. ಪ್ರೀಸ್ಟ್ ರಿವರ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಉತ್ತರ ಮುಖದ ಧರೆ ಹುಡುಕಿ, ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ಎರಡು ಬಣ್ಣದ ನಡುವಿನ ಗೆರೆ ದೂರದಿಂದಲೇ ಸ್ಪಷ್ಟ. ಮರ ಹೊತ್ತ ಲಾರಿಗಳು ಆ ತಿರುವುಗಳಲ್ಲಿ ಜೋರಾಗಿ ಬರುತ್ತವೆ, ಗಾಡಿಯನ್ನು ಪೂರ್ತಿ ಬದಿಗೆ ಹಾಕಿ ನಿಲ್ಲಿಸಿ.