ಬಿ-ಎ-ಎಸ್ ಬಸ್

ಬೆಂಗಳೂರಿನ ಪೀಣ್ಯದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದಿನ ಮಾತು. ಹತ್ತು ಪದದ ಡಿಕ್ಟೇಷನ್ ಕೊಟ್ಟಿದ್ದೆ, ಎಲ್ಲ ಚಿಕ್ಕ ಚಿಕ್ಕ ಪದ. ಒಬ್ಬ ಹುಡುಗಿಗೆ ಹತ್ತಕ್ಕೆ ಎರಡು ಬಂತು. ಬಸ್‌ಗೆ ಬಿ-ಎ-ಎಸ್ ಅಂತ ಬರೆದಿದ್ದಳು. ಸನ್‌ಗೆ ಎಸ್-ಎ-ಎನ್. ಕಪ್‌ಗೆ ಕೆ-ಎ-ಪಿ. ಸ್ಕೂಲ್‌ಗೆ ಎಸ್-ಕೆ-ಯು-ಎಲ್. ಕೆಂಪು ಪೆನ್ನಲ್ಲಿ ಎಂಟು ಸಲ ಸುತ್ತಿ, ಒಂದೊಂದನ್ನೂ ಹತ್ತು ಸಲ ಬರೆದುಕೊಂಡು ಬಾ ಅಂದೆ. ಬರೆದುಕೊಂಡು ಬಂದಳು. ಮುಂದಿನ ವಾರ ಮತ್ತೆ ಬಿ-ಎ-ಎಸ್.

ಅವಳಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ. ಒಂದು ಶನಿವಾರ ಬಂದು, "ಇವಳಿಗೆ ಇಂಗ್ಲಿಷ್ ತಲೆಗೇ ಹತ್ತಲ್ವಾ ಮಿಸ್?" ಅಂತ ಕೇಳಿದರು. "ಮನೇಲಿ ಸ್ವಲ್ಪ ಓದಿಸಿ" ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರು ಮನೆ ಸೇರುವುದೇ ಏಳು ಗಂಟೆಗೆ.

ನನ್ನ ಪಕ್ಕದ ಮೇಜಿನ ಹಿರಿಯ ಮೇಡಂ ಕನ್ನಡ ಪಾಠ ಮಾಡುವವರು. ಸುಮ್ನೆ ಆ ನೋಟ್‌ಬುಕ್ ತಿರುವುತ್ತಾ, "ಬ್, ಅ, ಸ್. ಸರಿಯಾಗೇ ಬಿಡಿಸಿ ಬರೆದಿದ್ದಾಳಲ್ಲ!" ಅಂದರು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಆಮೇಲೆ ನಾನೇ ಕೂತು ನೋಡಿದೆ. ಅ ಕೇಳಿಸಿದ ಕಡೆಯಲ್ಲೆಲ್ಲ ಎ. ಒಂದು ಕಡೆಯೂ ತಪ್ಪಿಲ್ಲ. ಉ, ಊ ಕೇಳಿಸಿದರೆ ಯು. ಕ್ ಕೇಳಿಸಿದರೆ ಕೆ. ಹುಡುಗಿ ಬಾಯಿಗೆ ಬಂದ ಹಾಗೆ ಬರೆದಿರಲಿಲ್ಲ, ಲೆಕ್ಕ ಇಟ್ಟುಕೊಂಡು ಬರೆದಿದ್ದಳು.

ಹೀಗೆ ಬರೆಯೋದು ಎಲ್ಲಿ ಕಲಿತೆ ಅಂತ ಕೇಳಿದೆ. "ಬಸ್ ಬೋರ್ಡಲ್ಲಿ ಹಂಗೇ ಇರತ್ತಲ್ಲ ಮಿಸ್."

ಹೌದಲ್ವಾ! ಬಿಎಂಟಿಸಿ ಬೋರ್ಡಲ್ಲಿ ಬನಶಂಕರಿ ನೋಡಿ. ಬ, ನ, ಶಂ, ಕ, ಎಲ್ಲದರ ಅಕಾರಕ್ಕೂ ಎ. ಬಸವನಗುಡಿಯ ಗುಗೆ ಯು. ಮಕ್ಕಳ ಹೆಸರನ್ನೂ ಇಂಗ್ಲಿಷಲ್ಲಿ ಬರೆಯುವುದು ಹೀಗೇ. ಅಂದರೆ ಈ ಊರಿನ ಮಗುವಿಗೆ ಇಂಗ್ಲಿಷ್ ಅಕ್ಷರ ಮೊದಲು ಸಿಗುವುದು ಕನ್ನಡ ಪದದ ಒಳಗೆ. ನಾನು ಬಂದು ಸಿ-ಎ-ಟಿ ಕ್ಯಾಟ್ ಅಂತ ರಾಗವಾಗಿ ಹೇಳಿಸುವಷ್ಟರಲ್ಲಿ ಅವರ ತಲೆಯಲ್ಲಿ ಒಂದು ಕಾಗುಣಿತ ಸಿದ್ಧವಾಗಿರುತ್ತದೆ.

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ. ಕ ಅಂದರೆ ಕ. 49 ಅಕ್ಷರ, ಕಾಗುಣಿತ, ಒತ್ತು ಬಂದರೆ ಎದುರಿಗೆ ಬಂದದ್ದನ್ನೆಲ್ಲ ಓದಬಹುದು. ಇಂಗ್ಲಿಷಲ್ಲಿ 26 ಅಕ್ಷರ ಸೇರಿಕೊಂಡು ಸುಮಾರು 44 ಧ್ವನಿ ಹೊರಬೇಕು. ಎಚ್ ಅನ್ನುವ ಹೆಸರಲ್ಲಿ ಹ ಎಲ್ಲಿದೆ ಹೇಳಿ? ಇದೆಲ್ಲ ತರಬೇತಿಯಲ್ಲಿ ಕೇಳಿದ್ದೇ. 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಇದೆ. ಆದರೂ ಮಗು ಬರೆದ ತಪ್ಪನ್ನು ಓದಿ ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ.

ಮಾರನೇ ದಿನ ಬೋರ್ಡಿನ ಮಧ್ಯೆ ಗೆರೆ ಎಳೆದೆ. ಎಡಕ್ಕೆ ಬಸ್ ಬೋರ್ಡಿನ ಇಂಗ್ಲಿಷ್, ಬಲಕ್ಕೆ ಪುಸ್ತಕದ ಇಂಗ್ಲಿಷ್. ಎಡಗಡೆ ಎ ಅಂದರೆ ಅ ಅಥವಾ ಆ, ಯು ಅಂದರೆ ಉ. ಬಲಗಡೆ ಹ್ಯಾಟ್-ಹಟ್, ಕ್ಯಾಪ್-ಕಪ್, ಬ್ಯಾಟ್-ಬಟ್ ಅಂತ ಜೋಡಿ ಜೋಡಿಯಾಗಿ ಬರೆದೆ. ಎ ಇದ್ದರೆ ಬಾಯಿ ಅಗಲ, ಯು ಇದ್ದರೆ ನಮ್ಮ ಅ. ಮಕ್ಕಳು ಬಾಯಿ ಅಗಲ ಮಾಡಿ ಮಾಡಿ ನಕ್ಕರು. ಪಕ್ಕದ ಕ್ಲಾಸಿನಿಂದ ಗಲಾಟೆ ಅಂತ ದೂರೂ ಬಂತು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಆ ಹುಡುಗಿ ಬಸ್ ಸರಿಯಾಗಿ ಬರೆದಳು, ಆ ಖುಷಿಯಲ್ಲಿ ಬನಶಂಕರಿಗೂ ಬಿ-ಯು-ಎನ್-ಯು ಅಂತ ಶುರು ಮಾಡಿದಳು! ಅಷ್ಟರಲ್ಲಿ ಪಾಠದಲ್ಲಿ ಪುಟ್ ಬಂತು. ಪಿ-ಯು-ಟಿ. "ಇದ್ಯಾಕೆ ಮಿಸ್ ಪಟ್ ಅಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಇದನ್ನು ಬಾಯಿಪಾಠ ಮಾಡಲೇಬೇಕು ಅಂದೆ. ಅಂಕದ ವಿಷಯದಲ್ಲೂ ನಾನು ಸಡಿಲ ಬಿಟ್ಟಿಲ್ಲ. ಬಿ-ಎ-ಎಸ್‌ಗೆ ಈಗಲೂ ಸೊನ್ನೆಯೇ. ಆದರೆ ಸುತ್ತುವ ಮೊದಲು ಕರೆದು, ಏನು ಯೋಚನೆ ಮಾಡಿ ಬರೆದೆ ಅಂತ ಕೇಳುತ್ತೇನೆ. 38 ಮಕ್ಕಳಿಗೂ ದಿನಾ ಕೇಳಲು ಆಗುವುದಿಲ್ಲ. ದಿನಕ್ಕೆ ನಾಲ್ಕು ಜನ ಆದರೆ ಜಾಸ್ತಿ.

ಮೊನ್ನೆ ಒಬ್ಬ ಹುಡುಗ ಎದ್ದು ನಿಂತು, "ಮೆಜೆಸ್ಟಿಕ್ ಯಾವ ಕಡೆ ಬರೀಬೇಕು ಮಿಸ್?" ಅಂದ. ಬಸ್ ಬೋರ್ಡಲ್ಲೂ ಇದೆ, ಇಂಗ್ಲಿಷ್ ಪದವೂ ಹೌದು. ಹಳೇ ಮೆಜೆಸ್ಟಿಕ್ ಟಾಕೀಸಿನಿಂದ ಆ ಜಾಗಕ್ಕೆ ಬಂದ ಹೆಸರು. ಅದರ ಎ ಮಾತ್ರ ನಮ್ಮ ಬಾಯಲ್ಲಿ ಅ ಕೂಡ ಅಲ್ಲ, ಆ್ಯ ಕೂಡ ಅಲ್ಲ. ಕ್ಲಾಸೆಲ್ಲ ಎರಡು ಪಂಗಡವಾಗಿ ಕಿತ್ತಾಡಿತು. ಕೊನೆಗೆ ಗೆರೆಯ ಮೇಲೇ ಬರೆದೆ.