ಕೆಂಪು ಜೋಳ ಕಳಿಸಿದವರ ಲೆಕ್ಕಾಚಾರ

ಅಮೆರಿಕ ಅಂದರೆ ವಿಜಯಪುರದ ನಮ್ಮ ಆಯಿಗೆ ಇವತ್ತಿಗೂ ರೇಷನ್‌ನ ಕೆಂಪು ಜೋಳವೇ ನೆನಪು. ‘ಬಡಿಯಾಕ ಹೋದ್ರ ರೊಟ್ಟಿ ಹರೀತಿತ್ತು’ ಅಂತ ಬೈಯುತ್ತಾಳೆ. ಬಿಳಿಜೋಳ ತಿಂದವರಿಗೆ ಅದೆಲ್ಲಿ ರುಚಿಸಬೇಕು!

ಅದು ಬಂದದ್ದು ಪಿಎಲ್-480 ಅನ್ನುವ, ಹೆಚ್ಚುವರಿ ಧಾನ್ಯವನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕದ ಕಾನೂನಿನಡಿ. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅದಕ್ಕೆ ಸಹಿ ಹಾಕಿದಾಗ ದೊಡ್ಡ ಚಿಂತೆ ನಮ್ಮ ಹಸಿವಲ್ಲ, ಅವರ ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಧಾನ್ಯ. ರೈತರ ಓಟು ಅಲ್ಲೂ ಇದೆ ಅಲ್ವಾ? ಮುಂದಿನ ಅಧ್ಯಕ್ಷ ಕೆನಡಿ ಅದನ್ನೇ ‘ಶಾಂತಿಗಾಗಿ ಆಹಾರ’ ಅಂದರು.

ಕೆನಡಿ ನಂತರ ಅಧ್ಯಕ್ಷರಾದ ಜಾನ್ಸನ್ ಕಾಲಕ್ಕೆ ವರಸೆಯೇ ಬದಲು. 1965-66ರ ನಮ್ಮ ಬರದಲ್ಲಿ ಧಾನ್ಯ ಒಮ್ಮೆಲೇ ಕೊಡದೆ ಸ್ವಲ್ಪ ಸ್ವಲ್ಪವೇ ಮಂಜೂರು ಮಾಡಿದರು. ಕೃಷಿ ನೀತಿ ಬದಲಿಸಿ ಅನ್ನುವ ಒತ್ತಡ ಒಂದು ಕಡೆ, ವಿಯೆಟ್ನಾಂನಲ್ಲಿ ಅಮೆರಿಕ ನಡೆಸಿದ್ದ ಯುದ್ಧದ ಬಗ್ಗೆ ಭಾರತ ಆಡಿದ ಟೀಕೆಯ ಮಾತಿನ ಸಿಟ್ಟು ಇನ್ನೊಂದು ಕಡೆ. ದಿಲ್ಲಿಯಲ್ಲಿದ್ದ ಅವರದೇ ರಾಯಭಾರಿ ಚೆಸ್ಟರ್ ಬೌಲ್ಸ್ ಬೇಗ ಕಳಿಸಿ ಅಂತ ಒತ್ತಾಯಿಸಿದರೂ ಜಾನ್ಸನ್ ಜಗ್ಗಲಿಲ್ಲ.